ಗೆರೆ ಎಳೆಯುವ ಮೊದಲು ಎಲ್ಲಿ ನಿಲ್ಲುತ್ತೀರಿ?

(ಉಡುಪಿಯಲ್ಲಿ ವಾಸ್ತುಶಿಲ್ಪದ ಮೊದಲ ವರ್ಷದ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಈ ವಾರ ನಿಮ್ಮಲ್ಲಿ ಎಷ್ಟು ಮಂದಿ ಮಲ್ಪೆಗೆ ಹೋಗಿದ್ದಿರಿ? ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲಿವೆ. ಹಾಗಾದರೆ ದೂರ, ಹತ್ತಿರವನ್ನು ಕಣ್ಣಿಗೆ ಕಂಡಂತೆ ಹಾಳೆಯ ಮೇಲೆ ಬರೆಯುವ ವಿದ್ಯೆಯಾದ ಪರ್ಸ್ಪೆಕ್ಟಿವ್‌ನ ಮೊದಲ ಪಾಠ ನಿಮಗೆ ಕಡಲತೀರದಲ್ಲೇ ಆಗಿದೆ. ಅದನ್ನು ಒಮ್ಮೆ ನೆನಪಿಸಿಕೊಳ್ಳೋಣ.

ಮರಳು ಸಮತಟ್ಟಾಗಿರುವ ಕಡೆ ನಿಂತು ಪಡುವಣಕ್ಕೆ ಮುಖ ಮಾಡಿ. ನೀರು ಮುಗಿದು ಆಕಾಶ ಶುರುವಾಗುವ ಗೆರೆ ಕಾಣುತ್ತದೆ. ಈಗ ನಿಮಗೂ ನೀರಿಗೂ ನಡುವೆ ಓಡಾಡುತ್ತಿರುವ ಜನರನ್ನು ನೋಡಿ. ನಿಮ್ಮಷ್ಟೇ ಎತ್ತರದವರು ಹತ್ತು ಅಡಿ ದೂರದಲ್ಲಿರಲಿ, ನೂರು ಅಡಿ ದೂರದಲ್ಲಿರಲಿ, ಅವರ ಕಣ್ಣು ಆ ಗೆರೆಯ ಮೇಲೆಯೇ ಇರುತ್ತದೆ. ದೂರ ಹೋದಷ್ಟೂ ಅವರ ಪಾದಗಳು ಗೆರೆಯ ಕಡೆಗೆ ಏರುತ್ತವೆ. ಕಣ್ಣು ಮಾತ್ರ ಕದಲುವುದಿಲ್ಲ. ಮಕ್ಕಳ ತಲೆ ಗೆರೆಯ ಕೆಳಗಿರುತ್ತದೆ. ಈಗ ಅಲ್ಲೇ ಮರಳಿನ ಮೇಲೆ ಕುಳಿತುಕೊಳ್ಳಿ. ಗೆರೆಯೂ ನಿಮ್ಮ ಜೊತೆಗೆ ಕುಳಿತುಕೊಳ್ಳುತ್ತದೆ. ಈಗ ನಿಂತವರೆಲ್ಲರ ಸೊಂಟದ ಆಸುಪಾಸಿನಲ್ಲಿ ಕಡಲು ಮುಗಿಯುತ್ತದೆ, ಎದೆ, ಭುಜ, ತಲೆ ಆಕಾಶದಲ್ಲಿರುತ್ತವೆ.

ಇನ್ನೊಂದು ದಿನ ಕಾಪುವಿನ ದೀಪಸ್ತಂಭ ಹತ್ತಿ. 1901ರಲ್ಲಿ ಕಟ್ಟಿದ್ದು ಅದು. ಮೆಟ್ಟಿಲು ಹತ್ತಿ ಮೇಲಿನ ಕಟಾಂಜನದ ಬಳಿ ನಿಂತರೆ ಗೆರೆ ಅಷ್ಟೆತ್ತರಕ್ಕೂ ಏರಿ ಬಂದು ಮತ್ತೆ ನಿಮ್ಮ ಕಣ್ಣಿನ ಮಟ್ಟದಲ್ಲಿಯೇ ನಿಂತಿರುತ್ತದೆ. ಕೆಳಗಿನ ತೆಂಗಿನ ತಲೆಗಳೆಲ್ಲ ಅದರ ಕೆಳಗೆ. ಮರಳಿನಲ್ಲಿ ನಿಂತಾಗ ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿದ್ದ ಗೆರೆ, ಮೂವತ್ತು ಮೀಟರ್ ಎತ್ತರದಿಂದ ನೋಡುವಾಗ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರ್ ಆಚೆಗೆ ಸರಿದಿರುತ್ತದೆ. ಕಡಲು ಇದ್ದಲ್ಲೇ ಇದೆ. ಬದಲಾದದ್ದು ನೀವು ನಿಂತ ಜಾಗ.

ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಆ ಜಾಗದ ಕುರಿತಾಗಿಯೇ. ಪುಸ್ತಕಗಳು ಅದನ್ನು ಸ್ಟೇಷನ್ ಪಾಯಿಂಟ್ ಎನ್ನುತ್ತವೆ, ಪ್ಲಾನಿನ ಕೆಳಗೆ ಒಂದು ಚುಕ್ಕಿ ಇಟ್ಟು ಎಸ್.ಪಿ. ಎಂದು ಬರೆಯುತ್ತವೆ. ನೀವು ಅದನ್ನು ಒಂದು ಚುಕ್ಕಿಯೆಂದೇ ಕಲಿಯುತ್ತೀರಿ. ನಾನೂ ಹಾಗೆಯೇ ಕಲಿತೆ, ಅದಕ್ಕೆ ಬೆಲೆ ತೆತ್ತೆ. ಆ ಕಥೆ ಹೇಳುತ್ತೇನೆ.

ನಾವು ಓದುವಾಗ ಕಂಪ್ಯೂಟರ್ ಇರಲಿಲ್ಲ. ಮರದ ಡ್ರಾಯಿಂಗ್ ಬೋರ್ಡ್, ಟಿ-ಸ್ಕ್ವೇರ್, ಎರಡು ಸೆಟ್‌ಸ್ಕ್ವೇರ್, ಇಂಪೀರಿಯಲ್ ಅಳತೆಯ ಕಾರ್ಟ್ರಿಡ್ಜ್ ಹಾಳೆ. ಮೊದಲ ವರ್ಷದ ಕೊನೆಯಲ್ಲಿ ಒಂದು ಮನೆಯ ಪರ್ಸ್ಪೆಕ್ಟಿವ್ ಬರೆಯಲು ಹೇಳಿದ್ದರು. ನಿಜವಾದ ಒಂದು ನಿವೇಶನ ಕೊಟ್ಟಿದ್ದರು. ಅದರಲ್ಲಿ ಒಂದು ಬಾವಿ, ಹಿಂದೆ ಅಡಿಕೆ ತೋಟದ ಅಂಚು, ಮುಂದೆ ಗದ್ದೆಯ ಕಡೆಗೆ ಇಳಿಜಾರು. ನಾನು ಮೂರು ರಾತ್ರಿ ಕುಳಿತು ಬರೆದೆ. ಗೆರೆಗಳು ಅಚ್ಚುಕಟ್ಟಾಗಿದ್ದವು, ಒಂದೂ ತಪ್ಪಿರಲಿಲ್ಲ. ಆದರೆ ಮನೆ ಮನೆಯ ಹಾಗೆ ಕಾಣುತ್ತಿರಲಿಲ್ಲ. ಎದುರಿನ ಮೂಲೆ ದೋಣಿಯ ಮೂತಿಯಂತೆ ನನ್ನ ಮೇಲೆಯೇ ನುಗ್ಗಿ ಬರುತ್ತಿತ್ತು. ಎರಡೂ ಗೋಡೆಗಳು ಆ ಮೂಲೆಯಿಂದ ಹೆದರಿ ಓಡುವಂತೆ ಹಿಂದಕ್ಕೆ ಜಾರಿದ್ದವು.

ನಮ್ಮ ಗುರುಗಳು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನೀನು ಎಲ್ಲಿ ನಿಂತಿದ್ದೀ?"

ನಾನು ಎಸ್.ಪಿ. ಎಂದು ಬರೆದ ಚುಕ್ಕಿ ತೋರಿಸಿದೆ. ಅವರು ನಿವೇಶನದ ನಕ್ಷೆ ತರಿಸಿ, ಅದೇ ಅಳತೆಯಲ್ಲಿ ನನ್ನ ಹಾಳೆಯ ಮೇಲಿಟ್ಟು, ಚುಕ್ಕಿಯ ಮೇಲೆ ಪೆನ್ಸಿಲ್ ಒತ್ತಿ ಹಿಡಿದರು. ಪೆನ್ಸಿಲ್ ಬಾವಿಯ ನಡುವೆ ನಿಂತಿತ್ತು. "ಇಲ್ಲಿ ಯಾರೂ ನಿಲ್ಲುವುದಿಲ್ಲ. ನಾಳೆ ಆ ಜಾಗಕ್ಕೆ ಹೋಗು. ಎಲ್ಲಿ ನಿಲ್ಲಲು ಆಗುತ್ತದೆ ಎಂದು ನೋಡಿಕೊಂಡು ಬಾ. ಆಮೇಲೆ ಬರೆ." ಗದರಲಿಲ್ಲ, ಅಂಕವನ್ನೂ ಕಡಿಮೆ ಮಾಡಲಿಲ್ಲ. ಆದರೆ ಆ ಪೆನ್ಸಿಲ್ ತುದಿ ನನಗೆ ಇವತ್ತಿಗೂ ಕಾಣುತ್ತದೆ.

ನಾನು ಅಲ್ಲಿ ಯಾಕೆ ನಿಂತಿದ್ದೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಇದೇ ತಪ್ಪು ಮಾಡಲಿದ್ದೀರಿ. ವ್ಯಾನಿಷಿಂಗ್ ಪಾಯಿಂಟ್ ನಿಮಗೆ ಗೊತ್ತು. ಸಮಾನಾಂತರ ಗೆರೆಗಳು ದೂರದಲ್ಲಿ ಕೂಡಿ ಮರೆಯಾದಂತೆ ಕಾಣುವ ಬಿಂದು. ನಾನು ಅದನ್ನು ಮರೆಬಿಂದು ಎನ್ನುತ್ತೇನೆ. ಮನೆಯ ಎದುರಿನ ಮೂಲೆಗೆ ತಾಗಿ ಒಂದು ದೊಡ್ಡ ಗಾಜು ನಿಂತಿದೆ, ಚಿತ್ರ ಮೂಡುವುದು ಅದರ ಮೇಲೆ ಎಂದು ಊಹಿಸಿ; ಅದೇ ಚಿತ್ರದ ಪಾತಳಿ. ಮನೆಯ ಒಂದು ಗೋಡೆ ಆ ಪಾತಳಿಗೆ 30 ಡಿಗ್ರಿ, ಇನ್ನೊಂದು 60 ಡಿಗ್ರಿ ತಿರುಗಿದೆ ಎಂದುಕೊಳ್ಳಿ. ಎದುರಿನ ಮೂಲೆಯಿಂದ 20 ಮೀಟರ್ ದೂರದಲ್ಲಿ ನೀವು ನಿಂತಿದ್ದೀರಿ. 1:50ರ ಅಳತೆಯಲ್ಲಿ ಅದು ಹಾಳೆಯ ಮೇಲೆ 40 ಸೆಂಟಿಮೀಟರ್. ಲೆಕ್ಕ ಹಾಕಿದರೆ ಒಂದು ಮರೆಬಿಂದು ಮೂಲೆಯ ಬಲಕ್ಕೆ 23 ಸೆಂಟಿಮೀಟರ್ ದೂರದಲ್ಲಿ, ಇನ್ನೊಂದು ಎಡಕ್ಕೆ 69 ಸೆಂಟಿಮೀಟರ್ ದೂರದಲ್ಲಿ ಬೀಳುತ್ತದೆ. ಒಟ್ಟು 92. ಇಂಪೀರಿಯಲ್ ಹಾಳೆಯ ಉದ್ದ 30 ಇಂಚು, ಅಂದರೆ 76 ಸೆಂಟಿಮೀಟರ್. ಎಡಗಡೆಯ ಬಿಂದು ಹಾಳೆಯ ಹೊರಗೆ ಹೋಯಿತು! ಆಗ ವಿದ್ಯಾರ್ಥಿ ಏನು ಮಾಡುತ್ತಾನೆ? ಎರಡೂ ಬಿಂದುಗಳು ಹಾಳೆಯೊಳಗೆ ಬರಲಿ ಎಂದು ಎಸ್.ಪಿ.ಯನ್ನು ಮೇಲಕ್ಕೆ ಸರಿಸುತ್ತಾನೆ. 8 ಮೀಟರಿಗೆ ಸರಿಸಿದರೆ ಎರಡು ಬಿಂದುಗಳ ನಡುವಿನ ಅಂತರ 37 ಸೆಂಟಿಮೀಟರಿಗೆ ಇಳಿಯುತ್ತದೆ, ಹಾಳೆಯಲ್ಲಿ ಆರಾಮವಾಗಿ ಕೂರುತ್ತದೆ. ನಾನು ಮಾಡಿದ್ದು ಅದನ್ನೇ. ನಾನು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಿದ್ದು ಹಾಳೆಯ ಅಗಲ. ಮನೆಯನ್ನೂ ಕೇಳಲಿಲ್ಲ, ಅಂಗಳವನ್ನೂ ಕೇಳಲಿಲ್ಲ.

ಮರುದಿನ ಬಸ್ಸಿನಲ್ಲಿ ಹೋದೆ. ಬಾವಿಕಟ್ಟೆಯ ಆಚೆ, ಗದ್ದೆಯ ಹುಣಿಯಿಂದ ಹತ್ತಿ ಬರುವ ಕಾಲುದಾರಿ ಅಂಗಳಕ್ಕೆ ತಿರುಗುವಲ್ಲಿ ಒಂದು ಹಲಸಿನ ಮರ ಇತ್ತು. ಆ ಮನೆಗೆ ಬರುವವರೆಲ್ಲ ಮೊದಲ ಬಾರಿಗೆ ಮನೆಯನ್ನು ಇಡಿಯಾಗಿ ಕಾಣುವುದು ಆ ಮರದ ಬುಡದಿಂದ. ಹೆಜ್ಜೆ ಹಾಕಿ ಅಳೆದೆ, ಇಪ್ಪತ್ತು ಮೀಟರಿನ ಆಸುಪಾಸು. ಅಲ್ಲಿ ನಿಂತು ಬರೆಯಬೇಕಿತ್ತು.

ಆದರೆ ಹಾಳೆಯ ಹೊರಗಿನ ಬಿಂದುವಿಗೆ ಏನು ಮಾಡುವುದು? ಇಲ್ಲಿ ನೂಲಿನ ಮಾತು ಬರುತ್ತದೆ. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಈ ಕರಾವಳಿಯಲ್ಲಿ ಎಷ್ಟೋ ಮನೆಗಳ ಮಕ್ಕಳ ಶಾಲಾ ಶುಲ್ಕ ಬಂದದ್ದು ಬೀಡಿಯಿಂದ. ನಿಮ್ಮ ಅಜ್ಜಿಯರನ್ನು ಕೇಳಿ. ಬೀಡಿಯ ಕೊನೆಗೆ ಸುತ್ತುವ ಆ ಸಪೂರ ನೂಲಿನ ಒಂದು ಉಂಡೆಯನ್ನು ಊರಿಗೆ ಹೋದಾಗ ಕೇಳಿ ತಂದೆ. ಬೋರ್ಡಿನ ಎಡಕ್ಕೆ ಇನ್ನೊಂದು ಮೇಜು ಜೋಡಿಸಿ, ಅದರ ಮೇಲೆ ಅಳತೆಗೆ ಸರಿಯಾಗಿ ಒಂದು ಸಣ್ಣ ಮೊಳೆ ಹೊಡೆದು, ನೂಲನ್ನು ಅದಕ್ಕೆ ಕಟ್ಟಿದೆ. ನೂಲಿನ ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಾಳೆಯ ಮೇಲೆ ಬೇಕಾದ ಎತ್ತರಕ್ಕೆ ತರುವುದು, ಅದರ ಕೆಳಗೆ ಸ್ಕೇಲನ್ನು ಮೆಲ್ಲಗೆ ಸರಿಸುವುದು, ಗೆರೆ ಎಳೆಯುವುದು. ಹೀಗೆ ಮಾಡಿದವನು ನಾನೊಬ್ಬನೇ ಎಂದು ಹೇಳುತ್ತಿಲ್ಲ. ಮೊಳೆ ಮತ್ತು ನೂಲು ಡ್ರಾಯಿಂಗ್ ಮೇಜಿನ ಹಳೆಯ ಉಪಾಯ. ಆದರೆ ಬಿಗಿದ ನೂಲು ಬೆರಳಿಗೆ ತಾಕಿದಾಗ ಒಂದು ವಿಷಯ ಅರ್ಥವಾಯಿತು: ಪಂಚಾಂಗದ (ಗೋಡೆಯ ಬುಡದ ಕಟ್ಟೆಯ) ಗೆರೆ, ಜಗಲಿಯ ಗೆರೆ, ಕಿಟಕಿಯ ಕೆಳಗಿನ ಗೆರೆ, ಸೂರಿನ ಗೆರೆ ಎಲ್ಲವೂ ಒಂದೇ ನೂಲು. ಕೈ ಏರಿಸಿದರೆ ಸೂರು, ಇಳಿಸಿದರೆ ಜಗಲಿ.

ಈ ನೂಲಿಗೆ ದೊಡ್ಡ ಚರಿತ್ರೆಯಿದೆ. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಅಳತೆಯ ಕುರಿತು ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ಒಂದು ಮರದಚ್ಚಿನ ಚಿತ್ರವಿದೆ. ಗೋಡೆಗೆ ಒಂದು ಮೊಳೆ, ಮೊಳೆಯಿಂದ ಒಂದು ನೂಲು. ಮೇಜಿನ ಮೇಲಿರುವ ವೀಣೆಯಂಥ ಒಂದು ತಂತಿವಾದ್ಯದ ಒಂದೊಂದು ಬಿಂದುವಿಗೂ ಒಬ್ಬ ಆ ನೂಲಿನ ತುದಿಯನ್ನು ಮುಟ್ಟಿಸುತ್ತಾನೆ. ನಡುವೆ ಒಂದು ಖಾಲಿ ಚೌಕಟ್ಟು. ನೂಲು ಆ ಚೌಕಟ್ಟನ್ನು ಎಲ್ಲಿ ದಾಟುತ್ತದೆ ಎಂಬುದನ್ನು ಇನ್ನೊಬ್ಬ ಗುರುತು ಹಾಕಿಕೊಳ್ಳುತ್ತಾನೆ. ಅಲ್ಲಿ ಮೊಳೆಯೇ ಕಣ್ಣು. ನಮ್ಮ ಹಾಸ್ಟೆಲಿನ ಮೊಳೆ ಮರೆಬಿಂದುವಾಗಿತ್ತು, ಡ್ಯೂರರನ ಮೊಳೆ ನೋಡುವವನ ಕಣ್ಣು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯೋಚಿಸಿ. ಕಣ್ಣಿನ ಮೊಳೆ ಸರಿದರೆ ಮರೆಬಿಂದುವಿನ ಮೊಳೆಯೂ ಸರಿಯಲೇಬೇಕು.

ಆ ಖಾಲಿ ಚೌಕಟ್ಟು ನಿಮ್ಮ ಪಿಕ್ಚರ್ ಪ್ಲೇನ್. ಇದು ಅರ್ಥವಾಗಲು ಪುಸ್ತಕ ಬೇಡ, ಕಿಟಕಿಯ ಗಾಜು ಸಾಕು. ಗಾಜಿನಿಂದ 60 ಸೆಂಟಿಮೀಟರ್ ಹಿಂದೆ ಕಣ್ಣಿಡಿ, ಇನ್ನೊಂದು ಕಣ್ಣು ಮುಚ್ಚಿ. ಹೊರಗೆ 24 ಮೀಟರ್ ದೂರದಲ್ಲಿ 12 ಮೀಟರ್ ಎತ್ತರದ ಒಂದು ತೆಂಗಿನ ಮರ ಇದೆ ಎಂದುಕೊಳ್ಳಿ. ಸ್ಕೆಚ್ ಪೆನ್ನಿನಲ್ಲಿ ಗಾಜಿನ ಮೇಲೆ ಅದನ್ನು ತಿದ್ದಿದರೆ 30 ಸೆಂಟಿಮೀಟರ್ ಬರುತ್ತದೆ. ಅಷ್ಟೇ ಎತ್ತರದ ಇನ್ನೊಂದು ಮರ 48 ಮೀಟರ್ ದೂರದಲ್ಲಿದ್ದರೆ 15. ದೂರ ಇಮ್ಮಡಿಯಾದರೆ ಗಾಜಿನ ಮೇಲಿನ ಎತ್ತರ ಅರ್ಧ. ಸಮಾನಾಂತರ ಗೆರೆಗಳು ಕೂಡಿದಂತೆ ಕಾಣುವುದಕ್ಕೆ ಇದರಾಚೆ ಬೇರೆ ರಹಸ್ಯ ಇಲ್ಲ. ರಸ್ತೆಯ ಅಗಲವೂ ದೂರ ಹೋದಂತೆ ಅರ್ಧವಾಗುತ್ತ, ಕಾಲಾಗುತ್ತ ಹೋಗುತ್ತದೆ, ಅಷ್ಟೆ.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ವಾಸ್ತುಶಿಲ್ಪಿ ಫಿಲಿಪ್ಪೊ ಬ್ರುನೆಲೆಸ್ಕಿ 1420ರ ಆಸುಪಾಸಿನಲ್ಲಿ ಮಾಡಿದ ಪ್ರಯೋಗವನ್ನು ನೀವು ಕಲಾಚರಿತ್ರೆಯ ತರಗತಿಯಲ್ಲಿ ಓದುತ್ತೀರಿ. ಆತ ದೊಡ್ಡ ಚರ್ಚಿನ ಬಾಗಿಲೊಳಗೆ ನಿಂತು ಎದುರಿನ ಕಟ್ಟಡವನ್ನು ಹಲಗೆಯ ಮೇಲೆ ಬರೆದ. ಹಲಗೆಯಲ್ಲಿ ಬೇಳೆಕಾಳಿನಷ್ಟು ಒಂದು ತೂತು ಕೊರೆದ. ನೋಡುವವನು ಹಲಗೆಯ ಹಿಂಬದಿಯಿಂದ ಆ ತೂತಿಗೆ ಕಣ್ಣಿಟ್ಟು, ಇನ್ನೊಂದು ಕೈಯಲ್ಲಿ ಕನ್ನಡಿ ಹಿಡಿದು, ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬ ನೋಡಬೇಕು. ಆಕಾಶದ ಭಾಗಕ್ಕೆ ಬಣ್ಣ ಹಚ್ಚದೆ ಹೊಳಪಿನ ಬೆಳ್ಳಿ ಕೂರಿಸಿದ್ದ, ನಿಜವಾದ ಮೋಡಗಳು ಅದರಲ್ಲಿ ತೇಲುತ್ತಿದ್ದವು. ಜನ ಬೆರಗಾದದ್ದು ಆ ಮೋಡಕ್ಕಿರಬಹುದು. ನನಗೆ ದೊಡ್ಡದಾಗಿ ಕಾಣುವುದು ಆ ತೂತು. ಈ ಚಿತ್ರವನ್ನು ಇಲ್ಲಿಂದಲೇ ನೋಡಬೇಕು ಎಂದು ಅದು ಹೇಳುತ್ತದೆ.

ಉಡುಪಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕನಕನ ಕಿಂಡಿಯ ಮುಂದೆ ಬಗ್ಗಿ, ತಲೆಯನ್ನು ಅಷ್ಟಷ್ಟೇ ಅತ್ತಿತ್ತ ಸರಿಸುತ್ತ, ಒಳಗಿನ ಬೆಳಕು ಕಣ್ಣಿಗೆ ಸಿಗುವವರೆಗೆ ಕಾಯುವುದು ನಿಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಒಂದು ಬೆರಳಿನಷ್ಟು ಆಚೆ ಹೋದರೆ ಕಾಣುವುದಿಲ್ಲ. ಭಕ್ತಿಯ ಮಾತನ್ನು ಚಿತ್ರಕಲೆಯ ಮಾತಿನೊಂದಿಗೆ ಬೆರೆಸುವ ಉದ್ದೇಶ ನನಗಿಲ್ಲ. ಆದರೆ ನೋಡುವುದಕ್ಕೆ ಒಂದು ಜಾಗ ಇದೆ, ಆ ಜಾಗವನ್ನು ಮೈ ಬಗ್ಗಿಸಿ ಹುಡುಕಬೇಕು ಎಂಬ ತಿಳಿವಳಿಕೆ ಈ ಊರಿನ ನಡಿಗೆಯಲ್ಲೇ ಇದೆ.

ಇನ್ನೊಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ರೋಮಿನ ಸಂತ ಇಗ್ನೇಷಿಯಸ್ ಚರ್ಚಿನ ಚಾವಣಿಯಲ್ಲಿ ಆಂಡ್ರಿಯಾ ಪೊಜ್ಜೊ ಎಂಬ ಜೆಸ್ವಿಟ್ ಕಲಾವಿದ ಆಕಾಶಕ್ಕೆ ತೆರೆದ ಕಂಬಗಳ ಸಾಲನ್ನೇ ಬರೆದಿದ್ದಾನೆ. ನೆಲದಲ್ಲಿ ಒಂದು ದುಂಡನೆಯ ಕಲ್ಲಿನ ಗುರುತಿದೆ. ಅದರ ಮೇಲೆ ನಿಂತರೆ ಕಂಬಗಳು ನೆಟ್ಟಗೆ ಮೇಲೇಳುತ್ತವೆ, ಅಲ್ಲಿಂದ ದೂರ ಸರಿದರೆ ವಾಲುತ್ತವೆ. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳನ್ನು ಚಿತ್ರಿಸಿದ ಆಂಟೋನಿಯೊ ಮೊಸ್ಕೆನಿಯೂ ಇಟಲಿಯಿಂದ ಬಂದ ಜೆಸ್ವಿಟರೇ. ಬಾವುಟಗುಡ್ಡಕ್ಕೆ ಹೋದಾಗ ಒಳಗೆ ಹೋಗಿ ಮೌನವಾಗಿ ನಿಂತು ನೋಡಿ. ಯಾವ ಜಾಗದಿಂದ ಯಾವ ಚಿತ್ರ ಸರಿಯಾಗಿ ಕೂರುತ್ತದೆ ಎಂದು ಹೆಜ್ಜೆ ಹಾಕುತ್ತ ಹುಡುಕಿ. ಅಲ್ಲಿ ಛಾಯಾಚಿತ್ರ ತೆಗೆಯುವ ಯೋಚನೆ ಬಿಟ್ಟು ಹೋಗಿ.

ಬಾವುಟಗುಡ್ಡದ ಹೆಸರು ಬಂದದ್ದರಿಂದ ಏರು ರಸ್ತೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಪಠ್ಯಪುಸ್ತಕದ ರಸ್ತೆಗಳೆಲ್ಲ ಚಪ್ಪಟೆ. ಮಂಗಳೂರಿನಲ್ಲಿ ಚಪ್ಪಟೆ ರಸ್ತೆ ಎಷ್ಟಿದೆ? ಹಂಪನಕಟ್ಟೆಯಿಂದ ಗುಡ್ಡದ ಕಡೆ ಮುಖ ಮಾಡಿ ನಿಂತರೆ ರಸ್ತೆಯ ಎರಡು ಅಂಚುಗಳು ಕೂಡುವುದು ಕಣ್ಣಿನ ಮಟ್ಟಕ್ಕಿಂತ ಮೇಲೆ. ಗುಡ್ಡದ ಮೇಲಿನಿಂದ ಕೆಳಗೆ ನೋಡಿದರೆ ಕಣ್ಣಿನ ಮಟ್ಟಕ್ಕಿಂತ ಕೆಳಗೆ. ಆದರೆ ಅಕ್ಕಪಕ್ಕದ ಕಟ್ಟಡಗಳ ಕಿಟಕಿ, ಬಾಗಿಲು, ಸಜ್ಜಾಗಳ ಗೆರೆಗಳು ಮಾತ್ರ ಕಣ್ಣಿನ ಮಟ್ಟಕ್ಕೇ ಹೋಗುತ್ತವೆ. ರಸ್ತೆ ಎಷ್ಟೇ ಏರಲಿ, ಮೇಸ್ತ್ರಿ ಕಿಟಕಿಯನ್ನು ಮಟ್ಟಗೋಲು ಇಟ್ಟೇ ಕೂರಿಸುತ್ತಾನೆ. ವಿದ್ಯಾರ್ಥಿಗಳು ಎಲ್ಲವನ್ನೂ ಒಂದೇ ಬಿಂದುವಿಗೆ ಎಳೆದು, ಏರು ರಸ್ತೆ ಯಾಕೆ ಚಪ್ಪಟೆಯಾಯಿತು ಎಂದು ಪರದಾಡುತ್ತಾರೆ. ರಸ್ತೆಗೆ ಒಂದು ಬಿಂದು, ಮನೆಗಳಿಗೆ ಇನ್ನೊಂದು. ಒಂದರ ನೇರ ಮೇಲೆ ಅಥವಾ ನೇರ ಕೆಳಗೆ ಇನ್ನೊಂದು ಇರುತ್ತದೆ.

ಇದೇ ಸೂತ್ರ ಹಿಡಿದುಕೊಂಡು ನಮ್ಮ ಮಾಡಿಗೆ, ಅಂದರೆ ಮನೆಯ ಇಳಿಜಾರು ಚಾವಣಿಗೆ ಬನ್ನಿ. ನನಗೆ ಬಹಳ ಪ್ರೀತಿಯ ಭಾಗ ಇದು. ಪುಸ್ತಕಗಳು ಪೆಟ್ಟಿಗೆ ಬರೆಯುವುದನ್ನು ಚೆನ್ನಾಗಿ ಕಲಿಸುತ್ತವೆ. ನಮ್ಮ ಮನೆಗಳು ಪೆಟ್ಟಿಗೆಗಳಲ್ಲ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಊರೂರಿಗೆ ಹೋಯಿತು. ಆದರೆ ಅದಕ್ಕೂ ಮೊದಲೇ ಮುಳಿಹುಲ್ಲಿನ ಮಾಡುಗಳು ಇಳಿಜಾರಾಗಿಯೇ ಇದ್ದವು. ಇಲ್ಲಿಯ ಮಳೆ ಅದನ್ನೇ ಕೇಳುತ್ತದೆ. ಹಾಗಾಗಿ ಇಲ್ಲಿ ಪರ್ಸ್ಪೆಕ್ಟಿವ್ ಕಲಿಯುವುದು ಎಂದರೆ ಇಳಿಜಾರು ಮಾಡನ್ನು ಬರೆಯಲು ಕಲಿಯುವುದು.

ಆ ಹಲಸಿನ ಮರದ ಬುಡದಿಂದ ಬರೆದ ಚಿತ್ರದಲ್ಲಿಯೂ ನನಗೆ ಮಾಡು ಕೂರಲಿಲ್ಲ. ಹಂಚಿನ ಗೆರೆಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಎಳೆದಿದ್ದೆ. ಮಾಡು ಒಣಗಲು ಹಾಕಿದ ಬಟ್ಟೆಯಂತೆ ಕಾಣುತ್ತಿತ್ತು. ನಮ್ಮ ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಮಾಡು ರಿಪೇರಿ ಮಾಡುತ್ತಿದ್ದ ವಯಸ್ಸಾದ ಬಡಗಿ ಆಚಾರ್ಯರೊಬ್ಬರಿಗೆ ಚಿತ್ರ ತೋರಿಸಿದೆ. ಅವರು ಕಣ್ಣು ಕಿರಿದಾಗಿಸಿ ನೋಡಿ, "ಹಂಚು ಕೂರುವುದು ರೀಪಿನ ಮೇಲೆ, ರೀಪು ಕೂರುವುದು ಪಕ್ಕಾಸಿನ ಮೇಲೆ. ನೀವು ಪಕ್ಕಾಸು ಎಳೆಯದೆ ಹಂಚು ಹೊದಿಸಿದ್ದೀರಿ. ಏಣಿ ಹತ್ತಿ ಬನ್ನಿ" ಎಂದರು. ಹತ್ತಿದೆ. ಅರ್ಧ ಹಂಚು ತೆಗೆದಿದ್ದರು. ಬೋಳು ಪಕ್ಕಾಸುಗಳು ಸೂರಿನಿಂದ ನೆತ್ತಿಯ ಕಡೆಗೆ ಏರುತ್ತ ಒಂದರ ಕಡೆಗೊಂದು ವಾಲಿದ್ದವು. ಅವು ಕೂಡುವ ಜಾಗ ಕಾಣಬೇಕಾದರೆ ನೆತ್ತಿಯಾಚೆ, ಆಕಾಶದಲ್ಲಿ ಎಲ್ಲೋ ಹುಡುಕಬೇಕಿತ್ತು.

ಅದರ ಲೆಕ್ಕ ಹೀಗೆ. ಮನೆಯ ಉದ್ದ ಗೋಡೆ ಎಡಗಡೆಯ ಮರೆಬಿಂದುವಿಗೆ ಹೋಗುತ್ತದೆ, ತ್ರಿಕೋನ ತಲೆಯ ಅಡ್ಡಗೋಡೆ ಬಲಗಡೆಯದಕ್ಕೆ. ಮಾಡಿನ ನೆತ್ತಿ, ಸೂರು, ರೀಪುಗಳು ಉದ್ದ ಗೋಡೆಗೆ ಸಮಾನಾಂತರ, ಅವೆಲ್ಲ ಎಡಕ್ಕೆ. ಪಕ್ಕಾಸುಗಳು ಅಡ್ಡಗೋಡೆಯ ದಿಕ್ಕಿನಲ್ಲೇ ಇವೆ, ಆದರೆ ಮೇಲಕ್ಕೆ ಏರುತ್ತಿವೆ. ಆದ್ದರಿಂದ ಅವುಗಳ ಬಿಂದು ಬಲ ಮರೆಬಿಂದುವಿನ ನೇರ ಮೇಲೆ. ಎಷ್ಟು ಮೇಲೆ? ಮಾಡಿನ ಇಳಿಜಾರು 30 ಡಿಗ್ರಿಯಾದರೆ, ನಾನು ಹೇಳಿದ ಆ ಹಾಳೆಯಲ್ಲಿ ಸುಮಾರು 27 ಸೆಂಟಿಮೀಟರ್. ನಮಗೆ ಕಾಣದ ಹಿಂದಿನ ಮಾಡು ಆಚೆಗೆ ಇಳಿಯುತ್ತದೆ, ಅದರ ಬಿಂದು ಅಷ್ಟೇ ಕೆಳಗೆ. ಇನ್ನೊಂದು ಮೊಳೆ, ಇನ್ನೊಂದು ನೂಲು. ನೆತ್ತಿಯ ಜಾಗ ಹುಡುಕಲು ಅಡ್ಡಗೋಡೆಯ ಆಯತಕ್ಕೆ ಮೂಲೆಯಿಂದ ಮೂಲೆಗೆ ಎರಡು ಕರ್ಣ ಎಳೆಯಿರಿ. ಅವು ದಾಟುವ ಬಿಂದುವಿನಿಂದ ನೆಟ್ಟಗೆ ಮೇಲೇರಿ. ಸ್ಕೇಲಿನಲ್ಲಿ ಅಳೆದು ಅರ್ಧ ಮಾಡಬೇಡಿ. ಚಿತ್ರದಲ್ಲಿ ಹತ್ತಿರದ ಅರ್ಧ ದೊಡ್ಡದು, ದೂರದ ಅರ್ಧ ಚಿಕ್ಕದು. ಕರ್ಣಗಳಿಗೆ ಅದು ಗೊತ್ತು, ಸ್ಕೇಲಿಗೆ ಗೊತ್ತಿಲ್ಲ. ಹಂಚು ಒಂದೊಂದನ್ನೂ ಬರೆಯಲು ಹೋಗಬೇಡಿ. ಸೂರಿನ ಸಾಲು, ನೆತ್ತಿಯ ಸಾಲು, ನಡುವೆ ಅಲ್ಲಲ್ಲಿ ನಾಲ್ಕಾರು ಗೆರೆ ಸಾಕು. ಮುರಕಲ್ಲಿನ ಗೋಡೆಗೂ ಇದೇ ಮಾತು.

ನಮ್ಮ ಹಳೆಯ ಮನೆಗಳ ಸೂರು ತಗ್ಗು. ಒಳಗೆ ಹೋಗುವಾಗ ಎತ್ತರದವರು ತಲೆ ಬಗ್ಗಿಸಬೇಕು. ನಿಂತವರ ಕಣ್ಣಿನ ಮಟ್ಟ ಐದಡಿ, ಸೂರು ಅದಕ್ಕಿಂತ ಸ್ವಲ್ಪವೇ ಮೇಲೆ. ಆದ್ದರಿಂದ ಚಿತ್ರದಲ್ಲಿ ಸೂರಿನ ಗೆರೆ ಹೆಚ್ಚು ಇಳಿಯುವುದಿಲ್ಲ, ಬಹುತೇಕ ಮಟ್ಟವಾಗಿಯೇ ಇರುತ್ತದೆ. ಅದರ ಮೇಲೆ ಅಷ್ಟು ದೊಡ್ಡ ಮಾಡು ಕುಳಿತಿರುತ್ತದೆ. ಈ ಮನೆಗಳನ್ನು ನೋಡಿದಾಗ ಮನಸ್ಸಿಗೆ ಬರುವ ನೆಮ್ಮದಿಗೆ ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ಮಾಡು ಚೆನ್ನಾಗಿ ಕಾಣಲಿ ಎಂದು ಕೆಲವರು ಕಣ್ಣಿನ ಮಟ್ಟವನ್ನು ಹತ್ತು ಹನ್ನೆರಡು ಅಡಿಗೆ ಏರಿಸುತ್ತಾರೆ. ಸೂರು ಕೆಳಗೆ ಹೋಯಿತು, ಜಗಲಿ ಮರೆಯಾಯಿತು, ಮನೆಯ ಗುಣವೇ ಹೋಯಿತು.

ಕಂಬಗಳ ಸಾಲನ್ನು ಕಲಿಯಲು ಮೂಡುಬಿದಿರೆಯ ಸಾವಿರ ಕಂಬದ ಬಸದಿಗಿಂತ ಒಳ್ಳೆಯ ತರಗತಿ ನನಗೆ ಗೊತ್ತಿಲ್ಲ. 1430ರಲ್ಲಿ ಕಟ್ಟಿದ್ದು. ಬ್ರುನೆಲೆಸ್ಕಿಯ ಪ್ರಯೋಗ ಅದಕ್ಕಿಂತ ಸ್ವಲ್ಪ ಮೊದಲು. ಇಟಲಿಯವನೇ ಆದ ಲಿಯಾನ್ ಬಟಿಸ್ಟಾ ಆಲ್ಬರ್ಟಿ ಈ ವಿಧಾನವನ್ನು ಬರಹಕ್ಕೆ ಇಳಿಸಿದ್ದು ಅದರ ನಂತರ, 1435ರಲ್ಲಿ. ಒಂದೇ ತಲೆಮಾರಿನಲ್ಲಿ, ಒಬ್ಬರಿಗೊಬ್ಬರ ಸುಳಿವಿಲ್ಲದೆ, ಅಲ್ಲಿ ಒಬ್ಬ ಹಲಗೆಯ ಮೇಲೆ ಆಳವನ್ನು ಬರೆಯುತ್ತಿದ್ದ, ಇಲ್ಲಿ ಶಿಲ್ಪಿಗಳು ಕಲ್ಲಿನಲ್ಲಿ ಆಳವನ್ನು ಕಟ್ಟುತ್ತಿದ್ದರು. ಬಾಗಿಲ ನೇರಕ್ಕೆ ನಿಂತು ನೋಡಿ. ಮಂಟಪದ ಹಿಂದೆ ಮಂಟಪ, ಕಂಬದ ಹಿಂದೆ ಕಂಬ, ಕೊನೆಯ ಕತ್ತಲೆಯಲ್ಲಿ ಚಂದ್ರನಾಥ ಸ್ವಾಮಿ. ಎಲ್ಲ ಗೆರೆಗಳೂ ಒಳಕ್ಕೆ ಕರೆದೊಯ್ಯುತ್ತವೆ.

ಅಲ್ಲಿ ಕುಳಿತು ಹೀಗೆ ಮಾಡಿ. ಮೊದಲ ಎರಡು ಕಂಬಗಳನ್ನು ಕಣ್ಣಂದಾಜಿನಲ್ಲಿ ಬರೆಯಿರಿ. ಅವುಗಳ ತಲೆಯ ಗೆರೆಯನ್ನೂ ಬುಡದ ಗೆರೆಯನ್ನೂ ಮರೆಬಿಂದುವಿಗೆ ಸೇರಿಸಿ. ಮೊದಲ ಕಂಬದ ನಡುಮಧ್ಯದಿಂದಲೂ ಒಂದು ಗೆರೆ ಅಲ್ಲಿಗೆ ಹೋಗಲಿ. ಅದು ಎರಡನೆಯ ಕಂಬವನ್ನು ಅದರ ನಡುವಿನಲ್ಲೇ ದಾಟುತ್ತದೆ. ಈಗ ಮೊದಲ ಕಂಬದ ತಲೆಯಿಂದ ಎರಡನೆಯ ಕಂಬದ ನಡುವಿನ ಮೂಲಕ ಒಂದು ಓರೆಗೆರೆ ಎಳೆದು ಬುಡದ ಗೆರೆಯವರೆಗೆ ಬಿಡಿ. ಅದು ತಾಗಿದಲ್ಲಿ ಮೂರನೆಯ ಕಂಬ. ಎರಡನೆಯದರ ತಲೆಯಿಂದ ಮೂರನೆಯದರ ನಡುವಿನ ಮೂಲಕ ಎಳೆದರೆ ನಾಲ್ಕನೆಯದು. ಅಳತೆ ಬೇಡ, ಲೆಕ್ಕ ಬೇಡ. ಉಳ್ಳಾಲ ಸೇತುವೆಯ ಕಟಾಂಜನ, ಶಾಲೆಯ ಜಗಲಿಯ ಕಂಬ, ರಸ್ತೆ ಬದಿಯ ದೀಪದ ಕಂಬ, ಎಲ್ಲಕ್ಕೂ ಇದೇ. ನಾನು ಇದನ್ನು ಮೊದಲ ಬಾರಿ ಮಾಡಿದಾಗ ಕಂಬಗಳು ತಾವಾಗಿಯೇ ಬಂದು ನಿಂತಂತೆ ಅನ್ನಿಸಿ ಮೈ ಜುಮ್ಮೆಂದಿತ್ತು.

ದುಂಡನೆಯ ವಸ್ತುಗಳ ವಿಚಾರ ಬೇಗ ಮುಗಿಸುತ್ತೇನೆ. ಬಾವಿಕಟ್ಟೆಯನ್ನು ನೇರವಾಗಿ ಅಂಡಾಕಾರದಲ್ಲಿ ಬರೆಯಲು ಹೋಗಬೇಡಿ. ಮೊದಲು ಚೌಕ, ಚೌಕಕ್ಕೆ ಕರ್ಣ, ಆಮೇಲೆ ದುಂಡು. ಮನೆಯಲ್ಲಿ ಒಂದು ಕೊಡಪಾನವನ್ನು ನೆಲದಲ್ಲಿ, ಮೇಜಿನಲ್ಲಿ, ಕಪಾಟಿನ ಮೇಲೆ ಇಟ್ಟು ಅದರ ಬಾಯಿಯನ್ನು ನೋಡಿ. ನೆಲದಲ್ಲಿ ಬಾಯಿ ತೆರೆದಿರುತ್ತದೆ, ಕಣ್ಣಿನ ಮಟ್ಟಕ್ಕೆ ಬಂದಾಗ ಒಂದು ಗೆರೆಯಾಗುತ್ತದೆ.

ಎಷ್ಟು ದೂರ ನಿಲ್ಲಬೇಕು ಎಂದು ಯಾರೋ ಚೀಟಿ ಕಳುಹಿಸಿದ್ದಾರೆ. ಕಣ್ಣು ತಿರುಗಿಸದೆ ಆರಾಮವಾಗಿ ಕಾಣುವುದು ಸುಮಾರು 60 ಡಿಗ್ರಿಯ ಒಳಗೆ ಎಂದು ಪುಸ್ತಕಗಳು ಹೇಳುತ್ತವೆ. 10 ಮೀಟರ್ ಅಗಲದ ಮುಖ ಅದರೊಳಗೆ ಬರಬೇಕಾದರೆ 9 ಮೀಟರಾದರೂ ಹಿಂದೆ ನಿಲ್ಲಬೇಕು. 60 ಎಂಬುದು ಕೊನೆಯ ಅಂಚು. ನಾನು 30 ಡಿಗ್ರಿಯ ಹತ್ತಿರ ಇರುತ್ತೇನೆ, ಅಂದರೆ ಅದೇ ಮನೆಗೆ 19 ಮೀಟರ್. ಆದರೆ ಮಂಗಳೂರಿನ ಇಕ್ಕಟ್ಟಾದ ಭವಂತಿ ಬೀದಿಯಲ್ಲಿ 19 ಮೀಟರ್ ಹಿಂದೆ ಹೋಗಲು ಜಾಗ ಎಲ್ಲಿದೆ? ಎದುರಿನ ಅಂಗಡಿಯೊಳಗೆ ಹೋಗಬೇಕಾಗುತ್ತದೆ. ಅಂಥ ಕಡೆ ಕಟ್ಟಡದ ಮುಖವನ್ನು ಯಾರೂ ಎದುರಿನಿಂದ ಇಡಿಯಾಗಿ ನೋಡುವುದೇ ಇಲ್ಲ. ನಡೆಯುತ್ತ ಓರೆಯಾಗಿ ನೋಡುತ್ತಾರೆ. ನೀವೂ ಬೀದಿಯ ಉದ್ದಕ್ಕೆ ಮುಖ ಮಾಡಿ ಬರೆಯಿರಿ.

ಈಗ ನಿಮ್ಮ ಲ್ಯಾಪ್‌ಟಾಪಿನಲ್ಲಿ ಈ ಎಲ್ಲ ಗೆರೆಗಳೂ ಕ್ಷಣದಲ್ಲಿ ಬರುತ್ತವೆ. ಅದು ಒಳ್ಳೆಯದೇ, ನನ್ನ ಕಚೇರಿಯಲ್ಲಿಯೂ ಅದನ್ನೇ ಬಳಸುತ್ತೇವೆ. ಆದರೆ ಯಂತ್ರ ನಿಮ್ಮನ್ನು ಎಲ್ಲಿ ಬೇಕಾದರೂ ನಿಲ್ಲಿಸುತ್ತದೆ, ಗಾಳಿಯಲ್ಲಿಯೂ, ಬಾವಿಯಲ್ಲಿಯೂ, ಪಕ್ಕದವರ ಗೋಡೆಯೊಳಗೂ. ಎಲ್ಲಿ ನಿಂತಿದ್ದೀ ಎಂದು ಅದು ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಉಡುಪಿಯ ಹತ್ತಿರ ಒಂದು ಹಳೆಯ ಮನೆಗೆ ಹೊಸ ಕಾರ್ ಶೆಡ್ ಮತ್ತು ಎರಡು ಕೋಣೆ ಸೇರಿಸುವ ಕೆಲಸ ಬಂತು. ಬಣ್ಣದ ಚಿತ್ರಗಳನ್ನು ಮಾಡಿಸಿ ತೆಗೆದುಕೊಂಡು ಹೋದೆ. ಮಗ, ಸೊಸೆ ನೋಡಿ ಒಪ್ಪಿದರು. ಮನೆಯ ಹಿರಿಯ ತಾಯಿ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು, "ನಾನು ಸಂಜೆ ಜಗಲಿಯಲ್ಲಿ ಕುಳಿತುಕೊಳ್ಳುವುದು. ಅಲ್ಲಿಂದ ಗೇಟು ಕಾಣುತ್ತದೆಯಾ? ಬರುವವರು ಯಾರೆಂದು ನನಗೆ ಗೊತ್ತಾಗಬೇಕಲ್ಲ" ಎಂದು ಕೇಳಿದರು. ಆ ಚಿತ್ರಗಳಲ್ಲಿ ಉತ್ತರ ಇರಲಿಲ್ಲ. "ಅಮ್ಮ, ನೀವು ಕುಳಿತುಕೊಳ್ಳುವ ಜಾಗ ತೋರಿಸಿ" ಎಂದೆ. ಕಂಬದ ಪಕ್ಕದ ಸಿಮೆಂಟ್ ನೆಲ ಅವರು ಕುಳಿತು ಕುಳಿತೇ ನುಣುಪಾಗಿತ್ತು. ಅಲ್ಲಿ ಕುಳಿತೆ. ಕಣ್ಣಿನ ಮಟ್ಟ ಜಗಲಿಯಿಂದ ಎರಡೂವರೆ ಅಡಿ. ತುಳಸಿಕಟ್ಟೆಯ ತಲೆ, ಅದರ ಆಚೆ ಅಂಗಳ, ಅದರ ಆಚೆ ಗೇಟು. ಅದೇ ಜಾಗದಿಂದ ಪೆನ್ಸಿಲಿನಲ್ಲಿ ಬರೆದು, ನಮ್ಮ ಹೊಸ ಶೆಡ್ಡನ್ನು ಅದರಲ್ಲಿ ಕೂರಿಸಿ ನೋಡಿದರೆ ಶೆಡ್ಡಿನ ಮುಂಗಂಬ ಗೇಟಿಗೆ ಸರಿಯಾಗಿ ಅಡ್ಡ ಬಂದಿತ್ತು. ಕಂಬವನ್ನು ಮೂರು ಅಡಿ ಪಕ್ಕಕ್ಕೆ ತೆಗೆದುಕೊಂಡೆವು.

ನಾಳೆ ಬೆಳಿಗ್ಗೆ ಆರೂವರೆಗೆ ರಥಬೀದಿಯಲ್ಲಿ ಸೇರೋಣ. ಟಿ-ಸ್ಕ್ವೇರ್ ತರಬೇಡಿ. ಹಾಳೆ, ಎಚ್‌ಬಿ ಮತ್ತು 2ಬಿ ಪೆನ್ಸಿಲ್, ಒಂದು ಮಾರು ನೂಲು. ನೂಲಿನ ಒಂದು ತುದಿಯನ್ನು ಪೆನ್ಸಿಲಿಗೆ ಕಟ್ಟಿ, ಇನ್ನೊಂದು ತುದಿಗೆ ಗಂಟು ಹಾಕಿ ಹಲ್ಲಿನಲ್ಲಿ ಕಚ್ಚಿಕೊಂಡರೆ ಅಳೆಯುವಾಗ ಪೆನ್ಸಿಲ್ ಕಣ್ಣಿನಿಂದ ಯಾವಾಗಲೂ ಒಂದೇ ದೂರದಲ್ಲಿರುತ್ತದೆ. ಬೀದಿ ಅನಂತೇಶ್ವರ, ಚಂದ್ರಮೌಳೀಶ್ವರ ಗುಡಿಗಳನ್ನು ಸುತ್ತಿಕೊಂಡು ಹೋಗುತ್ತದೆ. ತಿರುವು ಬಂದಲ್ಲೆಲ್ಲ ಮರೆಬಿಂದು ಬದಲಾಗುತ್ತದೆ, ಆದರೆ ಎಲ್ಲವೂ ಒಂದೇ ಕಣ್ಣಿನ ಮಟ್ಟದ ಗೆರೆಯ ಮೇಲೆ ಸಿಗುತ್ತವೆ, ನೋಡಿ. ಒಂದು ಸುತ್ತು ಬರಿಗೈಯಲ್ಲಿ ನಡೆದು ಬಂದ ಮೇಲೆ ಪ್ರತಿಯೊಬ್ಬರೂ ತಮ್ಮ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳಿ, ನಾನು ಬಂದು ಒಬ್ಬೊಬ್ಬರ ಪಕ್ಕದಲ್ಲಿ ನಿಂತು ನೋಡುತ್ತೇನೆ. ಮಠಗಳ ಬಾಗಿಲಿಗೆ ಅಡ್ಡವಾಗಿ ಕುಳಿತುಕೊಳ್ಳಬೇಡಿ, ಆ ಹೊತ್ತಿಗೆ ಪೂಜೆಗೆ ಹೂವು ತರುವವರ ಓಡಾಟ ಇರುತ್ತದೆ.